ಮಾಯಾಲೋಕದ ಕಥೆಗಳಲ್ಲಿ ಧೈರ್ಯ ಎಲ್ಲಿದೆ?

ಮಾನ್ಯರೇ,

ಬೇಸಿಗೆ ರಜೆಯ ಓದಿಗೆಂದು ನಾವು ಪ್ರಕಟಿಸಿದ ಪಟ್ಟಿಯಲ್ಲಿ ಮಾಯಾಲೋಕದ ಕಾದಂಬರಿಗಳೇ ಹೆಚ್ಚಾಗಿವೆ ಎಂದು ಆಕ್ಷೇಪಿಸಿ ನೀವು ಬರೆದ ಪತ್ರ ತಲುಪಿತು. ಆರನೆಯ ತರಗತಿಯ ನಿಮ್ಮ ಮಗಳು ಇವುಗಳನ್ನು ಬಿಟ್ಟು ಬೇರೇನನ್ನೂ ಓದುತ್ತಿಲ್ಲವೆಂದೂ, ಮಂತ್ರದಂಡ ಹಿಡಿದವರು ತೋರುವ ಧೈರ್ಯದಿಂದ ಮಕ್ಕಳು ಕಲಿಯುವಂಥದ್ದೇನೂ ಇಲ್ಲವೆಂದೂ, ಅದರ ಬದಲು ಮಹನೀಯರ ಜೀವನಚರಿತ್ರೆಗಳನ್ನು ಸೂಚಿಸಬೇಕಿತ್ತೆಂದೂ ಬರೆದಿದ್ದೀರಿ. ನಿಮ್ಮ ಕಾಳಜಿಯನ್ನು ಗೌರವಿಸುತ್ತಲೇ ಹೇಳುತ್ತೇನೆ: ಈ ಬಗೆಯ ಒಳ್ಳೆಯ ಕೃತಿಗಳಲ್ಲಿ ಧೈರ್ಯ ಕಾಣಿಸಿಕೊಳ್ಳುವುದೇ ಮಾಯೆ ನೆರವಿಗೆ ಬಾರದ ಜಾಗದಲ್ಲಿ.

ಜೆ.ಆರ್.ಆರ್. ಟೋಲ್ಕಿನ್ ಅವರ ‘ದಿ ಹಾಬಿಟ್’ (1937) ಕಾದಂಬರಿಯ ಬಿಲ್ಬೋ ನಿಧಿ ಕಾಯುವ ಡ್ರ್ಯಾಗನ್ನಿನ ಗುಹೆಗೆ ಕತ್ತಲೆಯ ಸುರಂಗದಲ್ಲಿ ಒಬ್ಬನೇ ಇಳಿಯುತ್ತಾನೆ. ಮುಂದೆ ಕೆಂಪು ಬೆಳಕು, ಮಲಗಿರುವ ದೈತ್ಯಪ್ರಾಣಿಯ ಗೊರಕೆ. ಅಲ್ಲಿ ಅವನು ನಿಂತುಬಿಡುತ್ತಾನೆ. ಕಣ್ಣಿಗೆ ಕಾಣದಂತೆ ಮಾಡುವ ಉಂಗುರ ಅವನಲ್ಲಿದೆ ನಿಜ, ಆದರೆ ಮುಂದಿನ ಹೆಜ್ಜೆಯನ್ನು ಇಡಿಸುವ ಶಕ್ತಿ ಆ ಉಂಗುರಕ್ಕಿಲ್ಲ. ಅವನು ನಿಜವಾದ ಯುದ್ಧ ಮಾಡಿದ್ದು ಡ್ರ್ಯಾಗನ್ನನ್ನು ನೋಡುವುದಕ್ಕೂ ಮೊದಲು, ಆ ಸುರಂಗದಲ್ಲಿಯೇ ಎಂದು ಲೇಖಕರು ಸ್ಪಷ್ಟವಾಗಿ ಹೇಳುತ್ತಾರೆ. ನಮ್ಮ ಪಠ್ಯಪುಸ್ತಕಗಳ ಜೀವನಚರಿತ್ರೆಗಳಲ್ಲಿ ಮಹನೀಯರು ಹೆದರಿ ನಿಂತ ಇಂಥ ಗಳಿಗೆಗಳನ್ನೇ ನಾವು ಹೆಚ್ಚಾಗಿ ಬಿಟ್ಟುಬಿಡುತ್ತೇವೆ. ಓದುವ ಮಗು ತನ್ನ ಹೆದರಿಕೆಗೆ ಅಲ್ಲಿ ಜೊತೆ ಕಾಣುವುದಿಲ್ಲ.

ಇದೇ ಬಿಲ್ಬೋ ಮುಂದೆ ಇನ್ನೂ ಕಷ್ಟದ ಕೆಲಸವೊಂದನ್ನು ಮಾಡುತ್ತಾನೆ. ತನ್ನ ಸಂಗಾತಿಗಳಾದ ಕುಬ್ಜರು ನಿಧಿಯ ಮೋಹದಲ್ಲಿ ಯುದ್ಧಕ್ಕೆ ನಿಂತಾಗ, ಅವರ ನಾಯಕ ಥೋರಿನ್ ಪ್ರಾಣದಂತೆ ಬಯಸುವ ರತ್ನವನ್ನು ಸಂಧಾನಕ್ಕೆ ಉಪಯೋಗವಾಗಲೆಂದು ಎದುರು ಪಾಳೆಯಕ್ಕೆ ಕೊಟ್ಟು, ಆ ರಾತ್ರಿಯೇ ಗೆಳೆಯರ ಬಳಿಗೆ ಮರಳುತ್ತಾನೆ. ಥೋರಿನ್ನನ ಕೋಪ ತನ್ನನ್ನು ಬಿಡದೆಂದು ಗೊತ್ತಿದ್ದೂ ಅವನು ಮರಳುತ್ತಾನೆ ಎಂಬುದು ನನಗೆ ಮುಖ್ಯ. ಅನ್ನದ ಋಣಕ್ಕೆ ತಲೆಕೊಟ್ಟ ಕರ್ಣನ ಸ್ನೇಹವನ್ನು ಕೊಂಡಾಡುತ್ತ ಬೆಳೆದ ನಮ್ಮ ಮಕ್ಕಳು, ಗೆಳೆಯನನ್ನು ಬಿಡದೆಯೂ ಅವನ ತಪ್ಪಿಗೆ ಅಡ್ಡ ನಿಲ್ಲುವ ಈ ಸ್ನೇಹವನ್ನೂ ಅರಿಯಬೇಕು. ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕದಲ್ಲಿ (1997) ಅಂಜುಬುರುಕ ನೆವಿಲ್ ತನ್ನ ಗೆಳೆಯರನ್ನೇ ತಡೆದು ನಿಂತದ್ದಕ್ಕೆ ಸಿಗುವ 10 ಅಂಕಗಳೂ ಇದನ್ನೇ ಹೇಳುತ್ತವೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಅರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ (1968). ಅಲ್ಲಿ ಗೆಡ್ ಎಂಬ ಹುಡುಗ ಸಹಪಾಠಿಯ ಮುಂದೆ ಜಂಬ ತೋರಿಸಲು ಹೋಗಿ ಒಂದು ಕರಾಳ ನೆರಳನ್ನು ಲೋಕಕ್ಕೆ ಬಿಡುತ್ತಾನೆ. ಅದು ಬಂದ ದಾರಿಯನ್ನು ಮುಚ್ಚುವುದರಲ್ಲಿ ಶಾಲೆಯ ಹಿರಿಯ ಗುರು ಪ್ರಾಣ ಬಿಡುತ್ತಾರೆ. ಆ ಲೋಕದಲ್ಲಿ ಒಬ್ಬರ ನಿಜನಾಮ ತಿಳಿದವರ ಕೈಯಲ್ಲಿ ಅವರ ಜೀವವೇ ಇರುತ್ತದೆ. ಗಾಯಗೊಂಡು, ಅಪರಾಧದ ಭಾರದಲ್ಲಿ ಕುಗ್ಗಿಹೋದ ಗೆಡ್‌ಗೆ ಗೆಳೆಯ ವೆಚ್, ಕೇಳದೆಯೇ, ತನ್ನ ನಿಜನಾಮವನ್ನು ಹೇಳಿಬಿಡುತ್ತಾನೆ. ತಪ್ಪು ಮಾಡಿದ ಮಗುವಿಗೆ ಉಪದೇಶಕ್ಕಿಂತ ಮೊದಲು ಬೇಕಾದದ್ದು ಇಂಥ ನಂಬಿಕೆಯಲ್ಲವೇ? ವರ್ಷಗಳ ನಂತರ ಗೆಡ್ ಆ ನೆರಳನ್ನು ಅಟ್ಟಿಕೊಂಡು ಸಮುದ್ರಕ್ಕೆ ಹೊರಟಾಗ ವೆಚ್ ದೋಣಿಯಲ್ಲಿ ಜೊತೆಗಿರುತ್ತಾನೆ, ಆದರೆ ಕೊನೆಯ ಮುಖಾಮುಖಿಯನ್ನು ಗೆಡ್ ಒಬ್ಬನೇ ಎದುರಿಸಬೇಕಾಗುತ್ತದೆ. ನೆರಳನ್ನು ಅವನು ಕರೆಯುವುದು ತನ್ನದೇ ಹೆಸರಿನಿಂದ.

ಈ ಬಗೆಯ ಪುಸ್ತಕಗಳೆಲ್ಲವೂ ಹೀಗಿವೆಯೆಂದು ನಾನು ಹೇಳುತ್ತಿಲ್ಲ. ಹುಟ್ಟಿನಿಂದಲೇ ಭವಿಷ್ಯವಾಣಿಯ ಬಲ ಪಡೆದ ನಾಯಕ, ಅವನಿಗೆ ಚಪ್ಪಾಳೆ ತಟ್ಟುವುದಕ್ಕಷ್ಟೇ ಇರುವ ಗೆಳೆಯರು — ಇಂಥವು ಬೇಕಾದಷ್ಟಿವೆ, ಅವುಗಳ ಬಗ್ಗೆ ನಿಮ್ಮ ದೂರು ಸರಿ. ಮುಂದಿನ ಪಟ್ಟಿಯಲ್ಲಿ ಜೀವನಚರಿತ್ರೆಗಳಿಗೂ ಜಾಗ ಕೊಡುತ್ತೇವೆ. ಸದ್ಯಕ್ಕೆ ಮಗಳ ಕೈಯಲ್ಲಿರುವ ಪುಸ್ತಕವನ್ನು ಕಸಿದುಕೊಳ್ಳಬೇಡಿ. ಅದನ್ನು ನೀವೂ ಓದಿ, ಅದರಲ್ಲಿ ಯಾರು ಎಲ್ಲಿ ಹೆದರಿದರು, ಆಮೇಲೆ ಏನು ಮಾಡಿದರು ಎಂದು ಅವಳನ್ನು ಕೇಳಿ. ಅವಳ ಉತ್ತರವನ್ನು ಅವಳ ಮಾತಿನಲ್ಲೇ ಬರೆದು ಕಳುಹಿಸಿದರೆ ಸಂತೋಷದಿಂದ ಪ್ರಕಟಿಸುತ್ತೇವೆ.

— ಸಂಪಾದಕ