ದಿಕ್ಕು ತಿಳಿಯದೆಯೂ ಗುರಿ ಮುಟ್ಟುವ ಹುಳು

ಪ್ರಶ್ನೆ: ಸಿ. ಎಲಿಗನ್ಸ್ ಎಂಬ ಕಣ್ಣಿಲ್ಲದ ಪುಟ್ಟ ದುಂಡುಹುಳು ಉಪ್ಪು ಹೆಚ್ಚಿರುವ ಕಡೆಗೆ ತೆವಳುವುದನ್ನು ವಿಜ್ಞಾನಿಗಳು ಸಮೀಕರಣಗಳಲ್ಲಿ ಬರೆಯುತ್ತಾರೆಂದು ಓದಿದೆ. ಹುಳುವಿಗೆ ದಿಕ್ಕು ಹೇಗೆ ತಿಳಿಯುತ್ತದೆ? ಅದರ ನಡೆ ಗಣಿತಕ್ಕೆ ಹೇಗೆ ಸಿಗುತ್ತದೆ?

ಉತ್ತರ: ಹುಳುವಿಗೆ ದಿಕ್ಕು ತಿಳಿಯಲೇಬೇಕೆಂದೇನೂ ಇಲ್ಲ ಎಂಬುದನ್ನು ಮನಗಾಣಿಸಿದ್ದೇ ಈ ಗಣಿತದ ಹೆಚ್ಚುಗಾರಿಕೆ. ಸುಮಾರು 1 ಮಿಲಿಮೀಟರ್ ಉದ್ದದ ಈ ಹುಳುವಿನ ದ್ವಿಲಿಂಗಿ ರೂಪದಲ್ಲಿ ಇರುವುದು 302 ನರಕೋಶಗಳು ಮಾತ್ರ. ರಾಸಾಯನಿಕಗಳನ್ನು ಗುರುತಿಸುವ ಕೋಶಗಳು ಮೂತಿಯ ಎಡಕ್ಕೂ ಬಲಕ್ಕೂ ಇವೆಯಾದರೂ, ಅಗರ್ ತಟ್ಟೆಯ (ಪ್ರಯೋಗಾಲಯದ ಲೋಳೆ ಹಾಸಿದ ತಟ್ಟೆಯ) ಮೇಲೆ ಅದು ಮಗ್ಗುಲಾಗಿ ತೆವಳುವುದರಿಂದ ಎಡಬಲಗಳಲ್ಲಿ ಒಂದು ಮೇಲ್ಬದಿ, ಇನ್ನೊಂದು ಕೆಳಬದಿ ಆಗಿಬಿಡುತ್ತದೆ. ಎರಡು ಬದಿಗಳನ್ನು ಹೋಲಿಸಿ ದಾರಿ ಹಿಡಿಯುವ ಅನುಕೂಲ ಅದಕ್ಕಿಲ್ಲ. ಹಾಗಾಗಿ ಅದು ಉಪ್ಪಿನ ಈಗಿನ ಸಾಂದ್ರತೆಯನ್ನು ತುಸು ಹಿಂದಿನ ಸಾಂದ್ರತೆಯೊಡನೆ ಹೋಲಿಸುತ್ತದೆ.

1999ರಲ್ಲಿ ಪಿಯರ್ಸ್-ಶಿಮೊಮುರಾ, ಮೋರ್ಸ್ ಮತ್ತು ಲಾಕರಿ ಎಂಬ ವಿಜ್ಞಾನಿಗಳು ಹುಳುಗಳ ಜಾಡನ್ನು ಅಳೆದು ನೋಡಿದಾಗ ಒಂದು ಸರಳ ನಿಯಮ ಕಂಡಿತು: ಮುಂದೆ ಸಾಗುತ್ತಿರುವಾಗ ಸಾಂದ್ರತೆ ಇಳಿಯುತ್ತಿದ್ದರೆ, ಹಿಂದೆ ಸರಿದು, ಮೈಯನ್ನು ಬಳೆಯಂತೆ ಬಾಗಿಸಿ, ಹೊಸ ದಿಕ್ಕಿಗೆ ತಿರುಗುವ ಸಂಭವ ಹೆಚ್ಚುತ್ತದೆ, ಏರುತ್ತಿದ್ದರೆ ಆ ಸಂಭವ ತಗ್ಗುತ್ತದೆ. ಸಮೀಕರಣದಲ್ಲಿ ಇದು, ಸಾಂದ್ರತೆ ಕಾಲದೊಡನೆ ಬದಲಾಗುವ ದರವನ್ನು ಅವಲಂಬಿಸಿದ ಒಂದು ಸಂಭವನೀಯತೆ, ಅಷ್ಟೇ. ತಪ್ಪು ದಿಕ್ಕಿನ ಓಟಗಳು (ಎರಡು ತಿರುವುಗಳ ನಡುವಿನ ಸಾಗುವಿಕೆ) ಬೇಗ ಮುಗಿದು ಸರಿ ದಿಕ್ಕಿನವು ದೀರ್ಘವಾಗುವುದರಿಂದ, ಒಟ್ಟಾರೆ ಹುಳು ಉಪ್ಪಿನ ಕಡೆಗೇ ಸರಿಯುತ್ತದೆ. 1972ರಲ್ಲಿ ಬರ್ಗ್ ಮತ್ತು ಬ್ರೌನ್ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಕಂಡದ್ದೂ ಬಹುಮಟ್ಟಿಗೆ ಇದೇ ತಂತ್ರ.

ಇಷ್ಟರಿಂದಲೇ ಹುಳುವಿನ ಜಾಣ್ಮೆಗೆ ಪೂರ್ತಿ ಲೆಕ್ಕ ಸಿಗುವುದಿಲ್ಲ. 2009ರಲ್ಲಿ ಈನೊ ಮತ್ತು ಯೊಶಿದಾ ಇನ್ನೊಂದನ್ನು ತೋರಿಸಿದರು: ಓಟದ ನಡುವೆಯೂ ಹುಳುವಿನ ಹಾದಿ ಹೆಚ್ಚು ಸಾಂದ್ರತೆಯ ಮಗ್ಗುಲಿಗೆ ಮೆಲ್ಲಗೆ ಬಾಗುತ್ತದೆ. ತೆವಳುವಾಗ ತಲೆ ಅತ್ತಿತ್ತ ಆಡುತ್ತಲೇ ಇರುವುದರಿಂದ, ಆ ಓಲಾಟದಲ್ಲೇ ಎರಡು ಮಗ್ಗುಲಿನ ವ್ಯತ್ಯಾಸ ಅದಕ್ಕೆ ದೊರೆಯುತ್ತದೆಂದು ಊಹಿಸಲಾಗಿದೆ. ಮಾದರಿಯಲ್ಲಿ ಬಾಗುವ ದರವನ್ನು ಹಾದಿಗೆ ಲಂಬವಾದ ಸಾಂದ್ರತಾ ಇಳಿಜಾರಿಗೆ ಅನುಪಾತವಾಗಿ ಇಡಬಹುದು. ಎರಡು ನಿಯಮಗಳನ್ನೂ ಕೂಡಿಸಿದಾಗ ಕಂಪ್ಯೂಟರಿನೊಳಗಿನ ಹುಳುಗಳು ಒಂದೇ ನಿಯಮ ಪಾಲಿಸಿದವುಗಳಿಗಿಂತ ಚೆನ್ನಾಗಿ ಗುರಿ ಸೇರುತ್ತವೆ.

ಈ ಸಮೀಕರಣಗಳ ಗುಣಾಂಕಗಳನ್ನು, ಅಂದರೆ ಸಾಂದ್ರತೆಗೆ ಹುಳು ಎಷ್ಟು, ಯಾವ ಕಡೆಗೆ ಸ್ಪಂದಿಸುತ್ತದೆಂದು ಹೇಳುವ ಸಂಖ್ಯೆಗಳನ್ನು, ಸ್ಥಿರವೆಂದು ಭಾವಿಸುವುದು ಮಾತ್ರ ಸಲ್ಲದು. ಉಪ್ಪಿದ್ದ ಕಡೆ ಹಸಿದಿದ್ದ ಹುಳು ಆಮೇಲೆ ಉಪ್ಪಿನಿಂದ ದೂರ ಸರಿಯುತ್ತದೆ, ಅಂದರೆ ಅನುಭವದಿಂದ ಗುಣಾಂಕದ ಚಿಹ್ನೆಯೇ ಬದಲಾಗುತ್ತದೆ. ನನ್ನ ಮಟ್ಟಿಗೆ ಮಾದರಿಕಾರರ ಮುಂದಿರುವ ಅತಿ ರೋಚಕ ಸವಾಲು ಇದೇ.