ಚಿಕ್ಕ ಆರ್ಕಿಟೆಕ್ಟ್ ಆಫೀಸಿನಲ್ಲಿ ಡ್ರಾಯಿಂಗ್ ಫೈಲುಗಳನ್ನು ಗೊಂದಲವಿಲ್ಲದೆ ಇಟ್ಟುಕೊಳ್ಳುವುದು ಹೇಗೆ? ಯಾವ ಸಾಫ್ಟ್‌ವೇರ್ ಕೊಳ್ಳಬೇಕು?

ನಿಮ್ಮದು ಐದು ಜನರ ಆಫೀಸು. ‘ಫೈನಲ್’, ‘ಫೈನಲ್ 2’, ‘ಫೈನಲ್ ಲೇಟೆಸ್ಟ್’ ಎಂಬ ಹೆಸರಿನ ಫೈಲುಗಳು ಕಂಪ್ಯೂಟರ್ ತುಂಬಾ ಇವೆ, ಹತ್ತು ವರ್ಷದ ಹಳೆಯ ಕೆಲಸ ನಾಲ್ಕು ಹಾರ್ಡ್ ಡಿಸ್ಕ್‌ಗಳಲ್ಲಿ ಚದುರಿದೆ ಎಂದು ಬರೆದಿದ್ದೀರಿ. ನಾನು ಮೈಸೂರಿನಲ್ಲಿ ಆರು ಜನರ ಆಫೀಸು ನಡೆಸುತ್ತೇನೆ. ಕೆಲವು ವರ್ಷ ನಾವೂ ಹೀಗೇ ಇದ್ದೆವು.

ಸಾಫ್ಟ್‌ವೇರ್ ಈಗಲೇ ಕೊಳ್ಳಬೇಡಿ. ಮೊದಲು ಒಂದು ವಿಷಯವನ್ನು ಆಫೀಸಿನಲ್ಲಿ ಎಲ್ಲರೂ ಒಪ್ಪಿಕೊಳ್ಳಬೇಕು: ಟೇಬಲ್ ಮೇಲೆ ಬರೆಯುತ್ತಿರುವ ಡ್ರಾಯಿಂಗ್ ಬೇರೆ, ಸೈಟಿಗೆ ಕೊಟ್ಟ ಡ್ರಾಯಿಂಗ್ ಬೇರೆ. ಬರೆಯುತ್ತಿರುವುದು ದಿನಕ್ಕೆ ಹತ್ತು ಸಲ ಬದಲಾಗಲಿ. ಕೊಟ್ಟಿದ್ದು ಮಾತ್ರ ಒಂದು ಗೆರೆಯೂ ಬದಲಾಗಬಾರದು.

ಇದನ್ನು ನಾನು ಕಲಿತದ್ದು ಒಂದು ಸೈಟಿನಲ್ಲಿ. ಕೆಳಗೆ ಅಂಗಡಿ, ಮೇಲೆ ಮನೆ. ಮಾಲೀಕರ ಅಮ್ಮನಿಗೆ ಮೊಣಕಾಲು ನೋವು. ಅವರ ಕೋಣೆಗೆ ಹತ್ತಿರವಾಗಲಿ ಎಂದು ಬಚ್ಚಲನ್ನು ಪೂರ್ವದ ಮೂಲೆಯಿಂದ ಮೆಟ್ಟಿಲ ಪಕ್ಕಕ್ಕೆ ತಂದೆವು. ಡ್ರಾಯಿಂಗ್ ತಿದ್ದಿ ಪಿಡಿಎಫ್ ಮಾಡಿ ಕಂಟ್ರಾಕ್ಟರ್‌ಗೆ ವಾಟ್ಸಾಪ್ ಮಾಡಿದೆವು. ಫೈಲಿನ ಹೆಸರು ಮೊದಲಿನದೇ. ಅವರ ಫೋನಿನಲ್ಲಿ ಒಂದೇ ಹೆಸರಿನ ಎರಡು ಫೈಲು ಕೂತವು. ಕಂಬಿ ಬಗ್ಗಿಸುವ ಬಾರ್ ಬೆಂಡಿಂಗ್‌ನವರ ಶೆಡ್ಡಿನಲ್ಲಿ ಹಳೆಯ ಪ್ರಿಂಟ್ ಹಾಗೇ ನೇತಾಡುತ್ತಿತ್ತು. ಶನಿವಾರ ಸ್ಲ್ಯಾಬ್ ಹಾಕಿದರು. ಸೋಮವಾರ ನಾನು ಹೋಗಿ ನೋಡಿದರೆ ಸಂಕನ್ ಸ್ಲ್ಯಾಬ್ (ಬಚ್ಚಲಿನ ಪೈಪುಗಳಿಗಾಗಿ ತಗ್ಗಿಸಿ ಹಾಕುವ ಸ್ಲ್ಯಾಬ್) ಪೂರ್ವದ ಮೂಲೆಯಲ್ಲೇ ಇದೆ.

ಆ ಮೂಲೆಯನ್ನು ತುಂಬಿಸಿದೆವು. ಹೊಸ ಜಾಗದಲ್ಲಿ ಸ್ಲ್ಯಾಬ್ ಇಳಿಸಿರಲಿಲ್ಲ, ಹಾಗಾಗಿ ಪೈಪು ಓಡಿಸಲು ಬಚ್ಚಲಿನ ನೆಲವನ್ನೇ ಎತ್ತರಿಸಬೇಕಾಯಿತು. ಯಾರಿಗೆ ಅನುಕೂಲವಾಗಲಿ ಎಂದು ಬಚ್ಚಲು ಜರುಗಿಸಿದೆವೋ ಆ ಅಜ್ಜಿ ಇವತ್ತಿಗೂ ಒಂದು ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಾರೆ. ಅದು ನನಗೆ ಈಗಲೂ ನೋವು. ಇನ್ನೊಂದು ನೋವೂ ಇದೆ. ಮಾಲೀಕರು ಕೇಳಿದ್ದು ಒಂದೇ ಪ್ರಶ್ನೆ: “ಸರ್, ನೀವು ಯಾವತ್ತು ಯಾವುದನ್ನು ಕೊಟ್ಟಿರಿ, ತೋರಿಸಿ.” ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಅದೇ ಫೈಲಿನ ಮೇಲೆ ಆಮೇಲೆ ಎರಡು ಸಲ ಸೇವ್ ಮಾಡಿಬಿಟ್ಟಿದ್ದೆವು.

ಈಗ ಪ್ರತಿ ಪ್ರಾಜೆಕ್ಟಿಗೆ ಮೂರು ದೊಡ್ಡ ಫೋಲ್ಡರ್: ‘ಕೆಲಸ’, ‘ಕೊಟ್ಟಿದ್ದು’, ‘ಬಂದಿದ್ದು’. ಸ್ಟ್ರಕ್ಚರಲ್ ಎಂಜಿನಿಯರ್, ಪ್ಲಂಬಿಂಗ್‌ನವರು, ಮಾಲೀಕರು ಕಳಿಸಿದ್ದೆಲ್ಲ ‘ಬಂದಿದ್ದು’ ಒಳಗೆ, ತಾರೀಕಿನ ಫೋಲ್ಡರ್‌ನಲ್ಲಿ, ಅವರು ಇಟ್ಟ ಹೆಸರಿನಲ್ಲೇ ಇರುತ್ತದೆ. ‘ಕೊಟ್ಟಿದ್ದು’ ಒಳಗೂ ತಾರೀಕಿನ ಫೋಲ್ಡರ್. ಅದಕ್ಕೆ ಹಾಕುವ ಅಧಿಕಾರ ಇಬ್ಬರಿಗೆ ಮಾತ್ರ, ಉಳಿದವರು ನೋಡಬಹುದು ಅಷ್ಟೇ.

ಒಂದು ಸೂಕ್ಷ್ಮ ಇದೆ, ಜಾಸ್ತಿ ಜನ ಎಡವುವುದು ಇಲ್ಲೇ. ಡ್ರಾಯಿಂಗ್ ಬರೆಯುವ ಆಟೋಕ್ಯಾಡ್‌ನಲ್ಲಿ ಎಕ್ಸ್‌ರೆಫ್ (ಒಂದು ಫೈಲಿನೊಳಗೆ ಇನ್ನೊಂದು ಫೈಲನ್ನು ಕೊಂಡಿ ಹಾಕಿ ತೋರಿಸುವುದು) ಬಳಸುತ್ತೀರಿ ಅಲ್ವಾ? ಹಾಗಾದರೆ ‘ಕೆಲಸ’ದ ಡಿಡಬ್ಲ್ಯುಜಿ (ಆಟೋಕ್ಯಾಡ್ ಡ್ರಾಯಿಂಗ್) ಫೈಲಿನ ಹೆಸರಿಗೆ ರಿವಿಷನ್ ನಂಬರ್ ಸೇರಿಸಬೇಡಿ. ಪ್ರತಿ ಸಲ ಹೆಸರು ಬದಲಾದರೆ ಅದನ್ನು ಎಳೆದುಕೊಂಡಿರುವ ಬೇರೆ ಶೀಟುಗಳೆಲ್ಲ ಕೊಂಡಿ ಕಳಚಿಕೊಳ್ಳುತ್ತವೆ. ಇಲ್ಲವೇ ಸದ್ದಿಲ್ಲದೆ ಹಳೆಯ ಪ್ಲಾನನ್ನೇ ತೋರಿಸುತ್ತಿರುತ್ತವೆ, ಅದು ಇನ್ನೂ ಅಪಾಯ. ಕೆಲಸದ ಫೈಲಿಗೆ ಕೊನೆತನಕ ಒಂದೇ ಹೆಸರು. ರಿವಿಷನ್ ಸೇರುವುದು ಹೊರಗೆ ಹೋಗುವ ಪಿಡಿಎಫ್‌ಗೆ. ನಮ್ಮಲ್ಲಿ ಅದು ‘2407-ಎ-103-ಆರ್2’ ಎಂದಿರುತ್ತದೆ: 2024ರ ಏಳನೇ ಪ್ರಾಜೆಕ್ಟು, ಆರ್ಕಿಟೆಕ್ಚರ್, 103ನೇ ಶೀಟು, ಎರಡನೇ ತಿದ್ದುಪಡಿ. ‘ಫೈನಲ್’ ಎಂಬ ಪದವನ್ನೇ ಬಿಟ್ಟೆವು. ಫೋಲ್ಡರ್ ಒಳಗೆ ಫೋಲ್ಡರ್ ಜಾಸ್ತಿ ಮಾಡಬೇಡಿ, ಹೆಸರುಗಳೂ ಚಿಕ್ಕದಿರಲಿ. ವಿಂಡೋಸ್‌ನಲ್ಲಿ ಫೈಲಿನ ಪೂರ್ತಿ ದಾರಿ 260 ಅಕ್ಷರ ದಾಟಿದರೆ ಎಷ್ಟೋ ಪ್ರೋಗ್ರಾಂಗಳು ಆ ಫೈಲನ್ನು ತೆರೆಯುವುದಿಲ್ಲ.

ಇದರ ಜೊತೆ ಒಂದು ರಿಜಿಸ್ಟರ್. ಎಕ್ಸೆಲ್ ಸಾಕು. ತಾರೀಕು, ಶೀಟ್ ನಂಬರ್, ರಿವಿಷನ್, ಯಾರಿಗೆ, ಯಾವುದಕ್ಕೆ. ‘ಯಾವುದಕ್ಕೆ’ ಎನ್ನುವ ಕಾಲಂ ಮುಖ್ಯ. ಮಂಜೂರಾತಿಗೆ ಕೊಟ್ಟದ್ದೋ, ಟೆಂಡರ್‌ಗೋ, ಕಟ್ಟುವುದಕ್ಕೋ? ಕಟ್ಟುವುದಕ್ಕೆ ಕೊಟ್ಟ ಶೀಟಿನ ಮೇಲೆ ಮಾತ್ರ ಜಿಎಫ್‌ಸಿ (ಗುಡ್ ಫಾರ್ ಕನ್‌ಸ್ಟ್ರಕ್ಷನ್, ಅಂದರೆ ಇದನ್ನು ನೋಡಿ ಕಟ್ಟಬಹುದು) ಎಂಬ ಮುದ್ರೆ ಇರಬೇಕು. ಮುದ್ರೆ ಇಲ್ಲದ್ದನ್ನು ನೋಡಿ ಒಂದು ಇಟ್ಟಿಗೆಯನ್ನೂ ಇಡಬೇಡಿ ಎಂದು ಮೇಸ್ತ್ರಿಗೆ ಮೊದಲ ದಿನವೇ ಹೇಳುತ್ತೇನೆ. ತಿದ್ದಿದ ಜಾಗದ ಸುತ್ತ ಮೋಡದಾಕಾರದ ಗೆರೆ ಹಾಕಿ, ಶೀಟಿನ ವಿವರಗಳಿರುವ ಟೈಟಲ್ ಬ್ಲಾಕ್‌ನಲ್ಲಿ ಏನು ಬದಲಾಯಿತು ಎಂದು ಬರೆಯಿರಿ. ಸುಮ್ನೆ ‘ತಿದ್ದಲಾಗಿದೆ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಬಚ್ಚಲು ಮೆಟ್ಟಿಲ ಪಕ್ಕಕ್ಕೆ’ ಎಂದಿರಬೇಕು.

ವಾಟ್ಸಾಪ್ ಬಿಡಿ ಎಂದು ನಾನು ಹೇಳುವುದಿಲ್ಲ. ಸೈಟು ನಡೆಯುವುದೇ ಅದರ ಮೇಲೆ. ಆದರೆ ಡ್ರಾಯಿಂಗನ್ನು ಫೋಟೋ ಆಗಿ ಕಳಿಸಬೇಡಿ, ಅಳತೆಗಳು ಮಸುಕಾಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿ. ಪ್ರಾಜೆಕ್ಟಿಗೆ ಒಂದೇ ಗುಂಪು, ಆಫೀಸಿನಿಂದ ಒಬ್ಬರೇ ಕಳಿಸುವವರು. ಜೊತೆಗೆ ‘ಆರ್2 ಬಂದಿದೆ, ಆರ್1 ರದ್ದು’ ಎಂಬ ಸಾಲು. ಹೊಸ ಪ್ರಿಂಟ್ ಶೆಡ್ಡಿನಲ್ಲಿ ಅಂಟಿಸಿದ ಫೋಟೋ ವಾಪಸ್ ಬರುವ ತನಕ ನಾವು ರಿಜಿಸ್ಟರಿನಲ್ಲಿ ಆ ಸಾಲು ಮುಗಿಸುವುದಿಲ್ಲ. ಹಳೆಯ ಪ್ರಿಂಟುಗಳನ್ನು ಸೈಟಿಗೆ ಹೋದಾಗ ನಾನೇ ಎತ್ತಿಕೊಂಡು ಬರುತ್ತೇನೆ.

ಇದೇನೂ ನನ್ನ ಸ್ವಂತ ಯೋಚನೆಯಲ್ಲ. ಬಿಮ್ (ಕಟ್ಟಡದ ಡಿಜಿಟಲ್ ಮಾದರಿ) ಕೆಲಸಗಳಿಗಾಗಿ 2018ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 19650 ಕೂಡ ಫೈಲುಗಳನ್ನು ನಾಲ್ಕು ಸ್ಥಿತಿಗಳಾಗಿ ವಿಂಗಡಿಸುತ್ತದೆ: ಕೆಲಸ ನಡೆಯುತ್ತಿರುವುದು, ಬೇರೆಯವರ ಜೊತೆ ಹಂಚಿಕೊಂಡಿದ್ದು, ಅಧಿಕೃತವಾಗಿ ಹೊರಡಿಸಿದ್ದು, ಕಟ್ಟಿಟ್ಟದ್ದು. ದೊಡ್ಡ ಸಾಫ್ಟ್‌ವೇರ್‌ಗಳೂ ಮಾಡುವುದು ಹೆಚ್ಚು ಕಡಿಮೆ ಇದನ್ನೇ. ನಿಮ್ಮ ಆಫೀಸಿಗೆ ಈ ಅಭ್ಯಾಸ ಕೂತ ಮೇಲೆ ಬೇಕಾದರೆ ಕೊಳ್ಳಿ.

ಗೂಗಲ್ ಡ್ರೈವ್‌ನಲ್ಲೇ ಎಲ್ಲರೂ ಕೆಲಸ ಮಾಡಬಹುದೇ ಎಂದೂ ಕೇಳಿದ್ದೀರಿ. ಪಿಡಿಎಫ್‌ಗೆ ಸರಿ. ಡಿಡಬ್ಲ್ಯುಜಿಗೆ ನಾನು ಬೇಡ ಎನ್ನುತ್ತೇನೆ. ಒಬ್ಬರು ತೆರೆದಿರುವ ಫೈಲನ್ನು ಇನ್ನೊಬ್ಬರು ತಿದ್ದದಂತೆ ಆಟೋಕ್ಯಾಡ್ ಬೀಗ ಹಾಕುತ್ತದೆ. ಡ್ರೈವ್‌ನಂಥ ಸಿಂಕ್ ಫೋಲ್ಡರ್‌ನಲ್ಲಿ (ಒಂದು ಕಡೆ ಬದಲಾದದ್ದು ಎಲ್ಲ ಕಡೆಯೂ ತಾನೇ ಬದಲಾಗುವಂಥದ್ದು) ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಒಂದೊಂದು ಪ್ರತಿ ಇರಬಹುದು, ಬೀಗವನ್ನು ನಂಬುವಂತಿಲ್ಲ. ಸಂಜೆ ಹೊತ್ತಿಗೆ ಒಂದೇ ಶೀಟಿನ ಎರಡು ಅವತಾರ. ಆಫೀಸಿನೊಳಗೇ ಒಂದು ಸಣ್ಣ ಸರ್ವರ್ ಅಥವಾ ನ್ಯಾಸ್ ಡಬ್ಬಿ (ನೆಟ್‌ವರ್ಕ್ ಮೂಲಕ ಎಲ್ಲರೂ ಬಳಸುವ ಡಿಸ್ಕ್) ಇಟ್ಟುಕೊಳ್ಳಿ. ಸಿಂಕ್ ಅನ್ನು ಬ್ಯಾಕಪ್ ಎಂದುಕೊಳ್ಳಬೇಡಿ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಗೂಗಲ್ ಡ್ರೈವ್ ಕಸದ ಬುಟ್ಟಿ 30 ದಿನಕ್ಕೆ ಖಾಲಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಆಫೀಸಿನ ಹೊರಗೆ: ಈ ಲೆಕ್ಕ ತಪ್ಪಿಸಬೇಡಿ. ನಾನು ವಾರಕ್ಕೊಮ್ಮೆ ಒಂದು ಡಿಸ್ಕ್ ಮನೆಗೆ ಒಯ್ಯುತ್ತೇನೆ. ಆಗಾಗ ಅದರಿಂದ ಒಂದು ಹಳೆಯ ಫೈಲು ತೆರೆದು ನೋಡುತ್ತೇನೆ.

ಪ್ರಾಜೆಕ್ಟು ಮುಗಿದ ಮೇಲೆ ಆಟೋಕ್ಯಾಡ್‌ನ ಇ-ಟ್ರಾನ್ಸ್‌ಮಿಟ್ ಬಳಸಿ. ಎಕ್ಸ್‌ರೆಫ್, ಪ್ಲಾಟ್ ಸ್ಟೈಲ್ (ಪ್ರಿಂಟಿನಲ್ಲಿ ಗೆರೆಗಳ ದಪ್ಪ, ಬಣ್ಣ ನಿರ್ಧರಿಸುವ ಫೈಲು), ಬೇಕೆಂದರೆ ಫಾಂಟ್ ಕೂಡ ಒಂದೇ ಕಡೆ ಸೇರುತ್ತವೆ. ಫಾಂಟಿನ ವಿಷಯ ಚಿಕ್ಕದಲ್ಲ. ಒಂದು ಶಾಲೆಯ ಡ್ರಾಯಿಂಗ್‌ನಲ್ಲಿ ಕೋಣೆಗಳ ಹೆಸರನ್ನು ಹಳೆಯ ನುಡಿ ಫಾಂಟಿನಲ್ಲಿ ಬರೆದಿದ್ದೆವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡವು. ಅದಕ್ಕೇ ಪ್ರತಿ ಶೀಟಿನ ಪಿಡಿಎಫ್ ಕೂಡ, ಫಾಂಟ್ ಒಳಗೇ ಸೇರಿಸಿ, ಕಟ್ಟಿಡಿ. ರೆವಿಟ್ ಎಂಬ ಬಿಮ್ ಸಾಫ್ಟ್‌ವೇರ್ ಬಳಸುವವರಿಗೆ ಇದು ಇನ್ನೂ ಮುಖ್ಯ. ಹೊಸ ಆವೃತ್ತಿಯ ಫೈಲನ್ನು ಅದು ಹಳೆಯ ಆವೃತ್ತಿಗೆ ಸೇವ್ ಮಾಡಿಕೊಡುವುದಿಲ್ಲ.

ಎಷ್ಟು ವರ್ಷ ಇಡಬೇಕು? ರೇರಾ (ರಿಯಲ್ ಎಸ್ಟೇಟ್ ಕಾಯ್ದೆ) ಅಡಿ ಬರುವ ಕಟ್ಟಡಗಳಲ್ಲಿ, ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರ್ ಸರಿಪಡಿಸಿಕೊಡಬೇಕು. ಆಗ ಡ್ರಾಯಿಂಗ್ ಹುಡುಕಿಕೊಂಡು ನಿಮ್ಮ ಬಳಿಗೇ ಬರುತ್ತಾರೆ. ಆದರೆ ನಾನು ಯಾವುದನ್ನೂ ಅಳಿಸುವುದಿಲ್ಲ. ಹನ್ನೊಂದು ವರ್ಷದ ಹಿಂದೆ ಕಟ್ಟಿದ ಮನೆಯವರ ಮಗಳು ಕಳೆದ ವರ್ಷ ಬಂದಿದ್ದಳು, ಮೇಲೆ ಇನ್ನೊಂದು ಅಂತಸ್ತು ಬೇಕಿತ್ತು. ಫೂಟಿಂಗ್ (ಅಡಿಪಾಯದ) ಡ್ರಾಯಿಂಗ್ ಸಿಕ್ಕಿತು. ಕಾಂಕ್ರೀಟ್ ಹಾಕುವ ಮುಂಚೆ ತೆಗೆದ ಕಂಬಿಯ ಫೋಟೋಗಳೂ, ಪ್ಲಾಸ್ಟರ್‌ಗೆ ಮುಂಚಿನ ಗೋಡೆಯೊಳಗಿನ ವೈರಿಂಗ್ ಪೈಪಿನ ಫೋಟೋಗಳೂ ಸಿಕ್ಕವು. ಒಂದು ಫೋಟೋದಲ್ಲಿ ತೀರಿಹೋದ ಅವಳ ಅಪ್ಪ ಕಂಬಿಗಳ ಪಕ್ಕ ನಿಂತಿದ್ದರು. ಅದರ ಪ್ರತಿಯನ್ನೂ ಒಯ್ದಳು.

ನಿಮ್ಮ ಆ ನಾಲ್ಕು ಡಿಸ್ಕುಗಳನ್ನು ಈಗ ಜೋಡಿಸಲು ಕೂರಬೇಡಿ. ಈ ವಾರವೇ ಅವುಗಳಿಗೆ ಒಂದೊಂದು ಪ್ರತಿ ಮಾಡಿ ಎತ್ತಿಡಿ. ಸದ್ಯ ಸೈಟಿನಲ್ಲಿ ಕೆಲಸ ನಡೆಯುತ್ತಿರುವ ಪ್ರಾಜೆಕ್ಟುಗಳಿಗೆ ಮಾತ್ರ ಮೂರು ಫೋಲ್ಡರ್ ಮಾಡಿ, ರಿಜಿಸ್ಟರ್ ತೆರೆಯಿರಿ. ಹಳೆಯ ಪ್ರಾಜೆಕ್ಟನ್ನು ಯಾರಾದರೂ ಕೇಳಿಕೊಂಡು ಬಂದ ದಿನ ಅದನ್ನು ಜೋಡಿಸಿದರೆ ಸಾಕು.