ಮೀನುಗಾರರು ಮಾಹಿತಿ ಹುಡುಕುವ ಬಗೆಗೆ ಯಾವ ಮಾದರಿ ಹಿಡಿಯಲಿ?

ಕಾರವಾರದ ಮೀನುಗಾರರು ಮಾಹಿತಿಯನ್ನು ಹೇಗೆ ಹುಡುಕುತ್ತಾರೆ, ಹೇಗೆ ಹಂಚಿಕೊಳ್ಳುತ್ತಾರೆ ಅಂತ ಪ್ರಾಜೆಕ್ಟ್ ಮಾಡಬೇಕು, ಜನ ಮಾಹಿತಿ ಹುಡುಕುವ ಬಗೆಯನ್ನು ವಿವರಿಸಿದ ಸಂಶೋಧಕರಾದ ವಿಲ್ಸನ್, ಕುಲ್ತಾವ್, ಡರ್ವಿನ್ ಇವರಲ್ಲಿ ಯಾರ ಮಾದರಿ ಸರಿ ಎಂದು ಕೇಳಿದ್ದೀರಿ. ಗ್ರಂಥಾಲಯ ವಿಜ್ಞಾನ ಓದುವಾಗ ನಾನು ಶಿರಸಿ ಕಡೆಯ ಅಡಿಕೆ ಬೆಳೆಗಾರರ ಬಗ್ಗೆ ಇಂಥದ್ದೇ ಕೆಲಸ ಮಾಡಿದ್ದೆ. ಬ್ರೆಂಡಾ ಡರ್ವಿನ್ ಅವರದನ್ನೇ ಹಿಡಿಯಿರಿ.

ಮಾಹಿತಿ ಹುಡುಕಾಟಕ್ಕೆ ಕುಲ್ತಾವ್ ಹೇಳುವ ಆರು ಹಂತಗಳು ಹುಟ್ಟಿದ್ದು ಪ್ರಬಂಧ ಬರೆಯುವ ವಿದ್ಯಾರ್ಥಿಗಳನ್ನು ನೋಡಿ. ಕಡಲಿಗೆ ಹೋಗುವವರಿಗೆ ಅದು ಒಗ್ಗುವುದಿಲ್ಲ. ವಿಲ್ಸನ್ ಅವರ 1981ರ ಮಾದರಿ ವಿಶಾಲವಾಗಿದೆ, ಜನ ತಮ್ಮತಮ್ಮಲ್ಲೇ ಮಾಹಿತಿ ಕೊಟ್ಟು ತೆಗೆದುಕೊಳ್ಳುವುದೂ ಅದರಲ್ಲಿದೆ. ಆದರೆ ಎದುರಿಗೆ ಕೂತವರನ್ನು ಏನು ಕೇಳಬೇಕು ಅಂತ ಅದು ಹೇಳುವುದಿಲ್ಲ.

ನಾನು ಮೊದಲು ಎಡವಿದ್ದು ಅಲ್ಲೇ. ‘ಮಾಹಿತಿ ಎಲ್ಲಿಂದ ಪಡೆಯುತ್ತೀರಿ? ಪೇಪರ್, ರೇಡಿಯೋ, ಮೊಬೈಲ್, ಇಲಾಖೆ’ ಅಂತ ಫಾರ್ಮ್ ಹಂಚಿದೆ. ಸುಮಾರು ಜನ ಎಲ್ಲದಕ್ಕೂ ಟಿಕ್ ಹಾಕಿ ಕೊಟ್ಟರು.

ಡರ್ವಿನ್ ದಾರಿ ಬೇರೆ. ನಡೆದ ಒಂದೇ ಘಟನೆ ಹಿಡಿದು ಹೆಜ್ಜೆಹೆಜ್ಜೆಗೆ ಕೇಳಬೇಕು: ಆಮೇಲೆ ಏನಾಯ್ತು, ಆಗ ತಲೆಗೆ ಬಂದ ಪ್ರಶ್ನೆ ಏನು, ಯಾರನ್ನು ಕೇಳಿದಿರಿ, ಅದು ಉಪಯೋಗಕ್ಕೆ ಬಂತಾ? ‘ಹೋದ ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬಂದಾಗ ಏನು ಮಾಡಿದಿರಿ?’ ಅಂತ ಹಿರಿಯರೊಬ್ಬರನ್ನು ಕೇಳಿದೆ. ಒಂದು ತಾಸು ಮಾತಾಡಿದರು. ಮರದ ಬುಡದಲ್ಲೆಲ್ಲ ಹಸಿ ಕಾಯಿ ಉದುರಿತ್ತಂತೆ. ಒಂದು ಸಲ ಮದ್ದು ಹೊಡೆದಾಗಿತ್ತು, ಆದರೂ ಯಾಕೆ ಬಂತು ಅನ್ನುವುದೇ ಅವರ ಪ್ರಶ್ನೆ. ಆ ಮದ್ದು ಬೋರ್ಡೋ ದ್ರಾವಣ, ಅದರ ಅಳತೆ ಅವರಿಗೆ ಬಾಯಿಪಾಠ: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮನೆಯಲ್ಲಿದ್ದ ಕರಪತ್ರದಲ್ಲೂ ಅಷ್ಟೇ ಇತ್ತು. ಕೊನೆಗೆ ಕೇಳಿದ್ದು ಮರ ಹತ್ತುವ ಕೊನೆಗೌಡನನ್ನು. ಎರಡನೇ ಸಲ ಮದ್ದು ಕಲಸಿದಾಗ ಆತ ಅದರಲ್ಲಿ ಕತ್ತಿ ಅದ್ದಿ ತೆಗೆದ. ಕತ್ತಿ ಕೆಂಪಾಗಿತ್ತು. ಸುಣ್ಣದಲ್ಲಿ ಕಸುವಿಲ್ಲ, ಇನ್ನಷ್ಟು ಹಾಕಿ ಅಂದ. ವಾರದೊಳಗೆ ಪಕ್ಕದ ತೋಟಗಳಿಗೂ ಈ ಮಾತು ಮುಟ್ಟಿತು, ಯಾಕೆಂದರೆ ಅಲ್ಲೂ ಮದ್ದು ಹೊಡೆಯುವವನು ಅವನೇ. ನನ್ನ ಫಾರ್ಮ್‌ನಲ್ಲಿ ಕೊನೆಗೌಡನಿಗೆ ಒಂದು ಚೌಕವೇ ಇರಲಿಲ್ಲ!

ನಿಮಗೆ ಒಳ್ಳೇ ಸಮಯ ಜೂನ್ 1ರಿಂದ ಜುಲೈ 31. ಯಾಂತ್ರಿಕ ದೋಣಿಗಳಿಗೆ ಆ 61 ದಿನ ಮೀನುಗಾರಿಕೆ ನಿಷೇಧ. ಬೈತಖೋಲ್ ಬಂದರಿನ ಕಡೆ ಬಲೆ ಸರಿಮಾಡುವವರ ಹತ್ತಿರ ಕೂತುಕೊಳ್ಳಿ. ‘ಕಳೆದ ಸಲ ಬಲೆ ಖಾಲಿ ಬಂದ ದಿನ ಏನು ಮಾಡಿದಿರಿ?’ ಅಂತ ಶುರು ಮಾಡಿ. ಮೀನು ಸಿಕ್ಕ ಜಾಗ ಯಾರಿಗೆ ಹೇಳಿದಿರಿ ಅನ್ನುವುದರ ಜೊತೆ ಯಾರಿಗೆ ಹೇಳಲಿಲ್ಲ ಅಂತಲೂ ಕೇಳಿ. ಹೇಳಿದರೆ ತಮಗೇ ನಷ್ಟ ಅನ್ನಿಸಿದಾಗ ಜನ ಮುಚ್ಚಿಡುತ್ತಾರೆ. ಈ ಬಗ್ಗೆ ಮಾಹಿತಿ ವಿಜ್ಞಾನದ ಸಂಶೋಧಕಿ ಎಲ್ಫ್ರೆಡಾ ಚಾಟ್‌ಮನ್ 1996ರಲ್ಲಿ ಬರೆದದ್ದನ್ನು ತಪ್ಪದೆ ಓದಿ. ಮತ್ತೆ, ನಿಮಗೆ ಕೊಂಕಣಿ ಬಾರದಿದ್ದರೆ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.